ಗೌರಿಬಿದನೂರು ಕಡೆಯ ನಮ್ಮ ವಿಜ್ಞಾನದ ಮೇಷ್ಟ್ರು: ನೆನಪಿದ್ದವರು ಬರೆಯಿರಿ

ಹೊಂಗೆನೆರಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸುದ್ದಿ ಬಹಳ ಜನಕ್ಕೆ ಈಗಾಗಲೇ ಮುಟ್ಟಿರುತ್ತೆ. ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಹೋದ ವಾರ ತೀರಿಕೊಂಡರು. ವಯಸ್ಸಾಗಿತ್ತು, ನರಳಲಿಲ್ಲ, ಮನೆಯವರೆಲ್ಲ ಹತ್ತಿರವೇ ಇದ್ದರು. ಮನೆಯವರು ಕೇಳಿಕೊಂಡಿರುವುದರಿಂದ ಅವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಹಾಕುತ್ತಿಲ್ಲ. ಓದಿದವರಿಗೆ ಯಾರು ಅಂತ ತಿಳಿಯುತ್ತೆ. ತಿಳಿದವರೂ ದಯವಿಟ್ಟು ಹೆಸರು ಬರೆಯಬೇಡಿ.

ಎರಡು ಕೆಲಸ ಇದೆ. ನೀವು ಬರೆದದ್ದನ್ನೆಲ್ಲ ಅಚ್ಚು ಹಾಕಿಸಿ ಅಮ್ಮನವರ ಕೈಗೆ ಕೊಡಬೇಕು ಅಂತ ಆಸೆ, ಅದು ಮೊದಲನೆಯದು. ಎರಡನೆಯದು, ಶಾಲೆಯ ಗೇಟಿನ ಹತ್ತಿರ ಅವರ ಪುತ್ಥಳಿ ಮಾಡಿಸೋಣ ಅಂತ ಊರಲ್ಲಿ ಮಾತು ಎದ್ದಿದೆ, ಚಂದಾ ಕೂಡ ಎತ್ತೋಕೆ ಶುರು ಮಾಡಿದ್ದಾರೆ. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಅವರ ಪಾಠಕ್ಕಿಂತ ಮೊದಲು ಅವರ ಮನೆ ಜಗಲಿ ನೆನಪಾಗುತ್ತೆ ನನಗೆ. ಎಸ್ಸೆಸ್ಸೆಲ್ಸಿ ವರ್ಷ ರಾತ್ರಿ ಊಟ ಮುಗಿಸಿಕೊಂಡು ನಾವೆಲ್ಲ ಅಲ್ಲೇ ಸೇರುತ್ತಿದ್ದೆವು. ಕರೆಂಟು ಹೋದರೆ ಲಾಟೀನು. ದುಡ್ಡಿನ ಮಾತೇ ಇರಲಿಲ್ಲ. ಹುಡುಗಿಯರೂ ಬರುತ್ತಿದ್ದರು. ಆ ಕಾಲಕ್ಕೆ ನಮ್ಮ ಕಡೆ ಅದು ಸಣ್ಣ ವಿಷಯವಲ್ಲ. ಪಾಠ ಮುಗಿದ ಮೇಲೆ ಮೇಷ್ಟ್ರು ತಮ್ಮ ದೊಡ್ಡ ಮಗಳ ಕೈಗೆ ಬ್ಯಾಟರಿ ಕೊಟ್ಟು ಜೊತೆಗೆ ಕರೆದುಕೊಂಡು, ಒಬ್ಬೊಬ್ಬ ಹುಡುಗಿಯನ್ನೂ ಮನೆ ಬಾಗಿಲಿಗೆ ಬಿಟ್ಟು ಬರುತ್ತಿದ್ದರು. "ನನ್ನ ಮಗಳೂ ಓದ್ತಾಳೆ, ನಿಮ್ಮ ಮಗಳೂ ಓದಲಿ" ಅಂತ ಅವರು ಬಾಯಿ ಬಿಟ್ಟು ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಆ ಮಗಳು ಬ್ಯಾಟರಿ ಹಿಡಿದು ನಿಂತಿರೋದನ್ನ ಎಲ್ಲ ಅಪ್ಪ ಅಮ್ಮಂದಿರೂ ನೋಡುತ್ತಿದ್ದರು.

ಊರಿಗೆ ಹೇಳುವುದನ್ನು ಮೇಷ್ಟ್ರು ಮೊದಲು ತಮ್ಮ ಮನೆಯಲ್ಲಿ ಮಾಡಿರುತ್ತಿದ್ದರು. ಜನ ಅವರ ಮಾತು ಕೇಳಿದ್ದು ಅದಕ್ಕೇ ಅಂತ ನಾನು ನಂಬಿದ್ದೇನೆ. ನಿಮಗೆ ನೆನಪಿರೋದನ್ನ ಬರೆಯಿರಿ. ಸಣ್ಣದಾದರೂ ಪರವಾಗಿಲ್ಲ.

ಕನ್ನಡ ಪಂಡಿತ, ನಿವೃತ್ತ

ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಬಹಳ ವರ್ಷ ಕೂತವನು ನಾನು. ಕೋಲಾರ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿ, 2007ರಲ್ಲಿ ಜಿಲ್ಲೆ ಒಡೆದ ಮೇಲೆ ಕೂತ ಕುರ್ಚಿಯಲ್ಲೇ ಇಬ್ಬರೂ ಚಿಕ್ಕಬಳ್ಳಾಪುರ ಜಿಲ್ಲೆಯವರಾದೆವು.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಮೇಷ್ಟ್ರಿಗೆ ಎಚ್ಚೆನ್ ಅಂದರೆ ಪ್ರಾಣ. ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು ನಮ್ಮ ತಾಲೂಕಿನ ಹೊಸೂರಿನಲ್ಲಿ, 1920ರಲ್ಲಿ. ಬಡ ಮನೆಯ ಹುಡುಗ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪದ್ಮಭೂಷಣ ಪಡೆದ ಮೇಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದವರು. ಮೇಷ್ಟ್ರು ಓದುವಾಗ ಅವರ ಭಾಷಣ ಕೇಳಿದ್ದರಂತೆ. ಯಾವುದನ್ನೂ ಪ್ರಶ್ನೆ ಮಾಡದೆ ಒಪ್ಪಿಕೊಳ್ಳಬಾರದು ಅನ್ನೋ ಪಾಠವನ್ನು ಅಲ್ಲಿಂದಲೇ ತಂದಿದ್ದು. ಆದರೆ ಎಚ್ಚೆನ್ ಬ್ರಹ್ಮಚಾರಿ, ನಮ್ಮ ಮೇಷ್ಟ್ರು ತುಂಬು ಸಂಸಾರಿ. "ಅವರಿಗೆ ಕಾಲೇಜೇ ಮನೆ. ನನಗೆ ಮನೆಯಿಂದಲೇ ಶುರು ಆಗಬೇಕು ಪಂಡಿತರೇ" ಅನ್ನುತ್ತಿದ್ದರು.

ಇನ್ನೊಂದು ವಿಷಯ. ನಮ್ಮ ಕಡೆ ಮಕ್ಕಳು ಮನೆಯಲ್ಲಿ ಆಡೋದು ತೆಲುಗು, ಶಾಲೆಯಲ್ಲಿ ಓದೋದು ಕನ್ನಡ. ಎಂಟನೇ ಕ್ಲಾಸಿಗೆ ಬಂದರೂ ಬಾಯಿ ಬಿಡದ ಮಕ್ಕಳಿದ್ದರು. ನಾನೇ ಕನ್ನಡದ ಮೇಷ್ಟ್ರು, ನನ್ನ ಹತ್ತಿರವೇ ಹೆದರುತ್ತಿದ್ದರು. ಇವರು ಮಾತ್ರ ಪ್ರಯೋಗ ಮಾಡಿ ತೋರಿಸಿ, ಏನಾಯ್ತು ಅಂತ ತೆಲುಗಿನಲ್ಲೇ ಹೇಳೋಕೆ ಬಿಡುತ್ತಿದ್ದರು. ಮಗು ಹೇಳಿ ಮುಗಿಸಿದ ಮೇಲೆ ಅದನ್ನೇ ಕನ್ನಡದಲ್ಲಿ ತಾವೇ ನಿಧಾನವಾಗಿ ಬೋರ್ಡಿನ ಮೇಲೆ ಬರೆದು, ಮಗುವಿನ ಕೈಲೇ ಓದಿಸುತ್ತಿದ್ದರು. ತಿಂಗಳು ಎರಡು ತಿಂಗಳಲ್ಲಿ ಆ ಮಕ್ಕಳು ನನ್ನ ಕ್ಲಾಸಿನಲ್ಲೂ ಎದ್ದು ನಿಂತು ಮಾತಾಡೋರು. ನನ್ನ ಮಕ್ಕಳಿಗೆ ಕನ್ನಡ ಬಂದಿದ್ದರಲ್ಲಿ ವಿಜ್ಞಾನದ ಮೇಷ್ಟ್ರ ಪಾಲು ದೊಡ್ಡದು ಅಂತ ಎಲ್ಲಿ ಬೇಕಾದರೂ ಹೇಳುತ್ತೇನೆ.

ಪಿನಾಕಿನಿ ದಂಡೆ

ಕೇಳಿ ಬಹಳ ಸಂಕಟ ಆಯ್ತು. ದುಬೈನಲ್ಲಿದ್ದೀನಿ, ಬರೋಕಾಗಲಿಲ್ಲ. ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಡೈರಿ ಹುಡುಗ

ನಾನು ಅವರ ವಿದ್ಯಾರ್ಥಿ ಅಲ್ಲ. ನಮ್ಮಮ್ಮ ಅವರ ವಿದ್ಯಾರ್ಥಿನಿ.

1990ರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೀತಿದ್ದಾಗ ಊರೂರಿಗೆ ಕಲಾಜಾಥಾ ಬರೋದು, ಹಾಡು, ಬೀದಿ ನಾಟಕ ಎಲ್ಲ ಇರೋದು. ಜಾಥಾ ಹೋದ ಮೇಲೆ ಎಷ್ಟೋ ಊರಲ್ಲಿ ಸ್ಲೇಟು ಮೂಲೆ ಸೇರಿದವು. ನಮ್ಮೂರಲ್ಲಿ ಮೇಷ್ಟ್ರು ಬಿಡಲಿಲ್ಲ. ಹೆಂಗಸರು ಹಗಲು ಕೂಲಿಗೆ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋಕೆ, ಹಸು ನೋಡೋಕೆ ಅಂತ ಒಂದು ಕಡೆ ನಿಲ್ಲುತ್ತಿರಲಿಲ್ಲ. ಎಲ್ಲರೂ ಒಂದೇ ಕಡೆ ಸಿಗೋದು ಹಾಲಿನ ಡೈರಿ ಮುಂದೆ, ಬೆಳಿಗ್ಗೆ ಸಾಯಂಕಾಲ. ಮೇಷ್ಟ್ರು ಅಲ್ಲಿಗೇ ಬರೋಕೆ ಶುರು ಮಾಡಿದರು, ಕೈಯಲ್ಲಿ ತಮ್ಮ ಮನೆ ಹಾಲಿನ ಕ್ಯಾನೂ ಇರೋದು.

'ಅ ಆ ಇ ಈ'ಯಿಂದ ಅವರು ಶುರು ಮಾಡಲಿಲ್ಲ. ನಮ್ಮಮ್ಮನ ಕೈಲಿದ್ದ ಹಾಲಿನ ಪಾಸ್‌ಬುಕ್ಕನ್ನೇ ತೆಗೆದುಕೊಂಡರು. ಈ ಸಾಲು ಲೀಟರು, ಈ ಸಾಲು ಫ್ಯಾಟು, ಇದು ದುಡ್ಡು. ಚುಕ್ಕಿ ಯಾಕೆ ಇದೆ? 3.5 ಅಂದರೆ ನೂರು ಭಾಗ ಹಾಲಿನಲ್ಲಿ ಮೂರೂವರೆ ಭಾಗ ಜಿಡ್ಡು. ಚುಕ್ಕಿ ಆ ಕಡೆ ಈ ಕಡೆ ಆದರೆ ನಿನ್ನ ದುಡ್ಡೂ ಆ ಕಡೆ ಈ ಕಡೆ. ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡೋ ಗಾಜಿನ ಕೊಳವೆ, ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು, ಆಮೇಲೆ ಅದೇ ಹಾಲಿಗೆ ಒಂದು ಲೋಟ ನೀರು ಸುರಿದು ಮತ್ತೆ ಬಿಟ್ಟು ತೋರಿಸಿದರಂತೆ. ಕೊಳವೆ ಇನ್ನಷ್ಟು ಕೆಳಕ್ಕೆ ಮುಳುಗಿದ್ದು ನೋಡಿ ಹೆಂಗಸರೆಲ್ಲ ನಕ್ಕಿದ್ದು ಅಮ್ಮನಿಗೆ ಇವತ್ತಿಗೂ ನೆನಪಿದೆ. ಹೆಬ್ಬೆಟ್ಟು ಒತ್ತುತ್ತಿದ್ದವರು ಮೊದಲು ಅಂಕಿ ಕಲಿತರು, ಆಮೇಲೆ ತಮ್ಮ ಹೆಸರು, ಆಮೇಲೆ ಬಸ್ಸಿನ ಬೋರ್ಡು. ಅಮ್ಮ ಮುಂದೆ ಸಂಘದ ಡೈರೆಕ್ಟರ್ ಆದಳು. ಸಭೆಯ ನಡಾವಳಿ ಓದಿಯೇ ಸಹಿ ಹಾಕುತ್ತಾಳೆ, ಓದದೆ ಹಾಕಲ್ಲ.

ಮೇಷ್ಟ್ರ ಹೆಂಡತಿಯೂ ಆ ಸಾಲಲ್ಲಿ ಕೂತು ಬೇರೆ ಹೆಂಗಸರಿಗೆ ಹೇಳಿಕೊಡೋರು. ಗಂಡಸು ಹೇಳಿದರೆ ನಾಚೋರು, ಅವರು ಹೇಳಿದರೆ ಕಲಿಯೋರು. ಇದನ್ನ ಯಾರಾದರೂ ಬರೀಲೇಬೇಕು ಅಂತ ನಾನು ಬರೆದೆ.

ಹಿರಿಮಗಳು

ನಮಸ್ಕಾರ. ಬ್ಯಾಟರಿ ಹಿಡಿದು ಹೋಗುತ್ತಿದ್ದ ಆ ಮಗಳು ನಾನೇ. ನೀವೆಲ್ಲ ಬರೆದದ್ದನ್ನು ಅಮ್ಮನಿಗೆ ಓದಿ ಹೇಳುತ್ತಿದ್ದೇನೆ. ಡೈರಿ ಮಾತು ಬಂದಾಗ ಅಮ್ಮ ಎರಡು ಸಲ ಓದಿಸಿದಳು.

ಅಪ್ಪ ಊರಿಗೇ ಸೇರಿದವರಾಗಿದ್ದರು, ಮನೆಗೆ ಸಿಗುತ್ತಿದ್ದರಾ ಅಂತ ಬಹಳ ಜನ ಕೇಳುತ್ತಾರೆ. ಸಿಗುತ್ತಿದ್ದರು. ಬೆಳಿಗ್ಗೆ ನಮ್ಮಿಬ್ಬರು ಅಕ್ಕತಂಗಿಯರಿಗೂ ಜಡೆ ಹಾಕುತ್ತಿದ್ದವರು ಅಪ್ಪನೇ. ಅಮ್ಮ ಹಾಲು ಕರೆಯೋ ಹೊತ್ತು ಅದು. ಬೈತಲೆ ನೇರ ಬರಲೇಬೇಕು ಅವರಿಗೆ, ಬಾಚಣಿಗೆ ತುದಿಯಲ್ಲಿ ಗೆರೆ ಎಳೆದು, ಸರಿ ಬರದಿದ್ದರೆ ಬಿಚ್ಚಿ ಮತ್ತೆ ಹಾಕೋರು. ಅಷ್ಟು ಹೊತ್ತೂ ಮಗ್ಗಿ ಹೇಳಿಸೋರು. ಹದಿನೇಳರ ಮಗ್ಗಿ ನನಗೆ ಕಲಿಸಿದ್ದು ಎರಡನೇ ಜಡೆಯಲ್ಲಿ.

ಭಾನುವಾರ ಸಂಜೆ ನಮ್ಮದು. ಆವತ್ತು ಯಾರೂ ಬಾಗಿಲು ತಟ್ಟಬಾರದು ಅಂತ ಊರಿಗೆಲ್ಲ ಗೊತ್ತಿತ್ತು. ಪಂಚಾಯಿತಿ ಅಧ್ಯಕ್ಷರು ಬಂದರೂ ಅಮ್ಮ "ಇವತ್ತು ಮೇಷ್ಟ್ರು ಅವರ ಮಕ್ಕಳಿಗೆ ಮಾತ್ರ, ನಾಳೆ ಬನ್ನಿ" ಅಂತ ಹೇಳಿ ಕಳಿಸೋಳು. ಕೆರೆ ಏರಿ ಮೇಲೆ ನಡೀತಾ ಹೋಗೋದು, ಹುರಿಗಡಲೆ ತಿನ್ನೋದು, ಏನು ಬೇಕಾದರೂ ಕೇಳೋದು.

ಸಂಬಳದ ದಿನ ರಾತ್ರಿ ಮನೆಯವರೆಲ್ಲ ಸುತ್ತ ಕೂರಬೇಕು. ಕೆಂಪು ರಟ್ಟಿನ ಲೆಕ್ಕದ ಪುಸ್ತಕ ತೆಗೆದು, ಇಷ್ಟು ಬಂತು, ಇಷ್ಟು ಅಂಗಡಿಗೆ, ಇಷ್ಟು ಅಜ್ಜಿ ಔಷಧಿಗೆ ಅಂತ ಓದುತ್ತಿದ್ದರು. ಪೆನ್ನು ಅಮ್ಮನ ಕೈಯಲ್ಲಿ. ಪುಸ್ತಕದ ಅಂಗಡಿಯ ಸಾಲ ಜಾಸ್ತಿ ಆದ ತಿಂಗಳು ಅಮ್ಮ ಎಲ್ಲರ ಮುಂದೆಯೇ ಕೇಳೋಳು, ಅಪ್ಪ ಉತ್ತರ ಕೊಡಬೇಕಾಗಿತ್ತು. ನಾಲ್ಕನೇ ಕ್ಲಾಸಿನ ನನ್ನ ತಂಗಿ ಕೂಡ "ಇದು ಯಾಕೆ ಅಪ್ಪ" ಅಂತ ಕೇಳಬಹುದಾಗಿತ್ತು. ಅವಳಿಗೂ ಅದೇ ಗಂಭೀರವಾಗಿ ಉತ್ತರ ಸಿಗುತ್ತಿತ್ತು.

ಅಮ್ಮ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾವು ಸ್ವಲ್ಪ ದೊಡ್ಡವರಾದ ಮೇಲೆ ಅಪ್ಪ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿದರು. ಆ ಪರೀಕ್ಷೆ ಮುಗಿಯೋ ತನಕ ಒಲೆ ಅಪ್ಪನದು. ಮುದ್ದೆ ತಿರುವೋಕೆ ಕಲಿತರು. ಮೊದಮೊದಲು ಗಂಟು ಗಂಟು, ಆಮೇಲೆ ಅಜ್ಜಿಯೇ ಚೆನ್ನಾಗಿದೆ ಅನ್ನೋ ಹಾಗೆ. ಅಮ್ಮ ಗಣಿತದಲ್ಲಿ ಪಾಸಾದ ದಿನ ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ನಾನು ಪಾಸಾದಾಗ ಹಂಚಿರಲಿಲ್ಲ.

ಕಣ್ಣು ದಾನ ಮಾಡಿದ್ದೇವೆ. ಅದು ಅವರ ಇಷ್ಟ, ಬರೆದಿಟ್ಟಿದ್ದರು. ಉಸಿರು ನಿಂತ ಆರು ಗಂಟೆಯೊಳಗೆ ಆಗಬೇಕು ಅಂತ ನಮಗೆಲ್ಲ ಮೊದಲೇ ಹೇಳಿದ್ದರಿಂದ ತಂಗಿ ತಕ್ಷಣ ಫೋನ್ ಮಾಡಿದಳು. ಕನ್ನಡಕ ಹಾಕುವವರು, ವಯಸ್ಸಾದವರು ಕೊಡಬಹುದಾ ಅಂತ ಸಾವಿಗೆ ಬಂದವರು ಕೇಳಿದರು. ಕೊಡಬಹುದು.

ಕೆರೆಏರಿ

ಅಕ್ಕ, ನಿಮ್ಮ ಮಾತು ಓದಿ ಕಣ್ಣು ತುಂಬಿತು.

ಪುತ್ಥಳಿ ವಿಷಯಕ್ಕೆ ಬರುತ್ತೇನೆ. ನಾನು ಪುತ್ಥಳಿ ಪರ. ಯಾಕೆ ಅಂತ ನೇರವಾಗಿ ಹೇಳುತ್ತೇನೆ. ನಮ್ಮ ತಾಲೂಕಿನ ಯಾವ ಊರಿಗೆ ಹೋದರೂ ಸರ್ಕಲ್ಲಿನಲ್ಲಿ ರಾಜಕಾರಣಿಗಳ ಫ್ಲೆಕ್ಸು. ಮೇಷ್ಟ್ರಂಥವರ ಮುಖ ಒಂದು ಕಡೆಯಾದರೂ ಕಾಣಲಿ. ಇವತ್ತಿನ ಮಕ್ಕಳಿಗೆ ಅವರು ಗೊತ್ತಿಲ್ಲ. ಗೇಟಿನಲ್ಲಿ ದಿನಾ ನೋಡಿದರೆ ಯಾರು ಇವರು ಅಂತ ಕೇಳುತ್ತಾರೆ. ಕೇಳಿದರೆ ಯಾರಾದರೂ ಹೇಳುತ್ತಾರೆ. ಹಣ ಕೊಡೋಕೆ ಜನ ಸಿದ್ಧ ಇದ್ದಾರೆ, ಬೇಡ ಅನ್ನೋದು ಯಾಕೆ?

ಲ್ಯಾಬ್ ಟೆಕ್ನಿಷಿಯನ್, ಬಾಗೇಪಲ್ಲಿ

ನಾನು ಇವತ್ತು ನೀರು ಪರೀಕ್ಷೆ ಮಾಡಿ ಸಂಬಳ ತಗೊಳ್ಳೋದು ಮೇಷ್ಟ್ರ ದೆಸೆಯಿಂದ. ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ನನಗೂ ಇದೆ. ಫೋಟೋದಲ್ಲಿ ಯಾರೂ ಬಾಯಿ ತೆರೆದು ನಗುತ್ತಿರಲಿಲ್ಲ. ಬೂದಿಯಲ್ಲಿ ಉಜ್ಜು, ಇದ್ದಿಲಲ್ಲಿ ಉಜ್ಜು ಅಂತ ಮನೆಯವರು ಹೇಳೋರು. ಮೇಷ್ಟ್ರು ಒಂದು ದಿನ ಎಲ್ಲರಿಗೂ ಮನೆಯಿಂದ ಒಂದೊಂದು ಬಾಟಲಿ ನೀರು ತರೋಕೆ ಹೇಳಿದರು. ಬಾಟಲಿ ಮೇಲೆ ಯಾವ ಬೋರು, ಎಷ್ಟು ಅಡಿ ಅಂತ ಚೀಟಿ. ಬೆಂಚಿನ ಮೇಲೆ ಸಾಲಾಗಿ ಪ್ರನಾಳ ಇಟ್ಟು, ಒಂದೊಂದಕ್ಕೂ ನೀರು ಹಾಕಿ, ಕೆಂಪು ದ್ರಾವಣದ ಹನಿ ಬಿಟ್ಟರು. ಹಲ್ಲಿಗೆ ಆ ಕಂದು ಗೆರೆ ತರೋದು ನೀರಿನಲ್ಲಿ ಹೆಚ್ಚಾದ ಫ್ಲೋರೈಡ್. ಜಿರ್ಕೋನಿಯಂ ಸೇರಿದ ಬಣ್ಣ ಅದು, ಫ್ಲೋರೈಡ್ ಸಿಕ್ಕರೆ ಜಿರ್ಕೋನಿಯಂ ಬಣ್ಣವನ್ನು ಬಿಟ್ಟು ಅದರ ಜೊತೆ ಹೋಗಿಬಿಡುತ್ತೆ. ಫ್ಲೋರೈಡ್ ಕಡಿಮೆ ಇದ್ದ ನೀರು ಗುಲಾಬಿಯಾಗೇ ಉಳೀತು. ಜಾಸ್ತಿ ಇದ್ದದ್ದು ನಮ್ಮ ಕಣ್ಣ ಮುಂದೆಯೇ ಹಳದಿಗೆ ತಿರುಗಿತು. ನಮ್ಮ ಬೀದಿಯ ಬೋರಿನದು ನಿಂಬೆಹಣ್ಣಿನ ಬಣ್ಣ.

ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಅಂತ ಬೋರ್ಡಿನಲ್ಲಿ ಬರೆದರು. ಕುದಿಸಿ ಕುಡಿದರೆ ಹೋಗುತ್ತಲ್ಲ ಸಾರ್ ಅಂತ ಒಬ್ಬ ಕೇಳಿದ. ಕುದಿಸಿದರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚೇ ಆಗುತ್ತೆ ಅಂದರು. ಕಾಯಿಲೆ ಬರದ ಹಾಗೆ ನೀರು ಕುದಿಸಿ ಅಂತ ಹೇಳುತ್ತಿದ್ದವರೂ ಅವರೇ ಆಗಿದ್ದರಿಂದ ಎರಡಕ್ಕೂ ಇರೋ ವ್ಯತ್ಯಾಸ ತಲೆಯಲ್ಲಿ ಕೂತಿತು. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ಈ ಕಲೆ ಬೀಳೋದು. ಬಿದ್ದ ಮೇಲೆ ಉಜ್ಜಿದರೆ ಹೋಗಲ್ಲ. "ನಿಮ್ಮ ಹಲ್ಲಿಗೆ ನಾನು ಏನೂ ಮಾಡೋಕಾಗಲ್ಲ. ನಿಮ್ಮ ತಮ್ಮ ತಂಗಿಯರ ಹಲ್ಲು ಉಳಿಸೋಣ" ಅಂದರು. ಆ ಮಾತು ಕೇಳಿ ನಾವು ನಿಜವಾಗಿ ಎದ್ದು ಓಡಾಡಿದ್ದು.

ಮೊದಲು ತಮ್ಮ ಮನೆ ಮಾಡಿನ ಮಳೆನೀರು ಹಿಡಿಯೋಕೆ ಪೈಪು ಹಾಕಿಸಿದರು. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಮರಳು ಇದ್ದಿಲಿನ ಪದರ ಹೇಗೆ ಹಾಕಬೇಕು ಅಂತ ನಮ್ಮ ಕೈಲೇ ಮಾಡಿಸಿದರು. ಅವರ ಮೊಮ್ಮಗ ಹುಟ್ಟಿ ಬೆಳೆದದ್ದು ಆ ನೀರಿನಲ್ಲೇ. ಅವನ ಹಲ್ಲು ನೋಡಿಯೇ ಪಕ್ಕದ ಮನೆಯವರು ಪೈಪು ಹಾಕಿಸಿದ್ದು. ಶುದ್ಧ ನೀರಿನ ಘಟಕ ಊರಿಗೆ ಬಂದದ್ದು ಅದೆಷ್ಟೋ ವರ್ಷ ಆದ ಮೇಲೆ. ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ತಿನ್ನಿ, ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಸ್ವಲ್ಪ ತಡೆಯುತ್ತೆ ಅಂತಲೂ ಹೇಳೋರು. ಆದರೆ ನೀರು ಬದಲಾಗದೆ ಬರೀ ಸೊಪ್ಪು ತಿಂದರೆ ಸಾಲದು ಅಂತ ಸೇರಿಸದೆ ಬಿಡುತ್ತಿರಲಿಲ್ಲ.

ಗ್ರಹಣದ ಬ್ಯಾಚು

2019ರ ಡಿಸೆಂಬರ್ 26. ಸೂರ್ಯಗ್ರಹಣ. ಮೇಷ್ಟ್ರು ಅಷ್ಟೊತ್ತಿಗೆ ನಿವೃತ್ತರು. ಕಂಕಣ ಕಾಣೋದು ಮಂಗಳೂರು, ಕಾಸರಗೋಡು ಆ ಕಡೆ, ನಮಗೆ ಮುಕ್ಕಾಲಿಗಿಂತ ಹೆಚ್ಚು ಮುಚ್ಚುತ್ತೆ ಅಂತ ಹಿಂದಿನ ದಿನವೇ ಮನೆಮನೆಗೆ ಹೇಳಿ ಬಂದಿದ್ದರು. ಬೆಳಿಗ್ಗೆ ಬೀದಿ ಪೂರ್ತಿ ಬಾಗಿಲು ಹಾಕಿತ್ತು. ಅವರ ಮನೆ ಮುಂದೆ ಅಮ್ಮನವರು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿಕೊಂಡು ಕೂತಿದ್ದರು. ಸುರಕ್ಷಿತ ಕನ್ನಡಕ ನಾಲ್ಕೈದೇ ಇತ್ತು, ಸರದಿ ಕಾಯಬೇಕು. ಕಾಯೋ ಮಕ್ಕಳ ಕೈಗೆ ಮೇಷ್ಟ್ರು ಅಡುಗೆಮನೆಯ ಜರಡಿ ಕೊಟ್ಟರು. ಗೋಡೆ ಕಡೆ ಹಿಡಿದರೆ ಜರಡಿಯ ಒಂದೊಂದು ತೂತಿಗೂ ಒಂದೊಂದು ಕುಡುಗೋಲು ಸೂರ್ಯ! ಹೊಂಗೆ ಮರದ ಕೆಳಗೆ ನೆಲದ ತುಂಬ ಅದೇ ಆಕಾರ. ಒಂಬತ್ತೂವರೆ ಹೊತ್ತಿಗೆ ಬೆಳಕು ಮಂಕಾಗಿ ತಣ್ಣಗಾಯ್ತು. ಆಗ ಅವರು ಮೊದಲು ತಮ್ಮ ಮಗಳಿಗೆ ತಟ್ಟೆ ಕೊಟ್ಟು, ತಾವೂ ತಿಂದು, ಆಮೇಲೆ ನಮಗೆ ಬಡಿಸಿದರು. ಆ ಮಗಳು ಆವಾಗ ಬಸುರಿ. ನಮ್ಮಜ್ಜಿ ಕಿಟಕಿಯಿಂದ ನೋಡುತ್ತಿದ್ದಳು. ಮುಂದಿನ ಫೆಬ್ರುವರಿಯಲ್ಲಿ ಮಗು ಗುಂಡುಗುಂಡಗೆ ಹುಟ್ಟಿತು. ಮೊದಲು ನೋಡೋಕೆ ಹೋದವಳು ಅಜ್ಜಿಯೇ.

ಕಿರಿಮಗಳು

ಆ ಬಸುರಿ ನಾನು. ಒಂದು ಮಾತು ಸೇರಿಸಬೇಕು. ಅಪ್ಪ ನನ್ನನ್ನು ಬಲವಂತ ಮಾಡಲಿಲ್ಲ. ಹಿಂದಿನ ರಾತ್ರಿ ಏನಾಗುತ್ತೆ, ಏನಾಗಲ್ಲ, ಕಣ್ಣಿಗೆ ಮಾತ್ರ ಯಾಕೆ ಅಪಾಯ ಅಂತ ಎಲ್ಲ ಹೇಳಿ, ಅತ್ತೆ ಮನೆಗೂ ತಾವೇ ಫೋನ್ ಮಾಡಿ ಮಾತಾಡಿ, "ನಿನಗೆ ಹೆದರಿಕೆ ಇದ್ದರೆ ಒಳಗೇ ಇರು, ನಾನು ಬೇಜಾರು ಮಾಡ್ಕೊಳ್ಳಲ್ಲ" ಅಂದಿದ್ದರು. ಹೊರಗೆ ಬಂದಿದ್ದು ನನ್ನ ನಿರ್ಧಾರ.

ಹತ್ತನೇ ಕ್ಲಾಸ್ 2021

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವನು ಅನ್ಸುತ್ತೆ. ಕೊರೊನಾ ಟೈಮಲ್ಲಿ ಶಾಲೆ ಮುಚ್ಚಿತ್ತು, ವಿದ್ಯಾಗಮ ಅಂತ ಟೀಚರ್‌ಗಳು ಊರಿಗೇ ಬಂದು ಪಾಠ ಮಾಡ್ತಿದ್ರು. 2020ರ ಅಕ್ಟೋಬರಲ್ಲಿ ಅದೂ ನಿಂತಿತು. ನಮ್ಮ ಮನೇಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ತಾತ (ನಾವು ತಾತ ಅಂತಲೇ ಕರೀತಿದ್ದಿದ್ದು) ಅವರ ಮನೆ ಕಿಟಕಿ ಒಳಗೆ ಕೂತ್ಕೊಂಡು, ನಮ್ಮನ್ನ ಹೊರಗೆ ದೂರ ದೂರ ಕೂರಿಸಿ ಲೆಕ್ಕ ನೋಡೋರು. ನಾವು ನೋಟ್ಸನ್ನ ಕಿಟಕಿ ಕಟ್ಟೆ ಮೇಲೆ ಇಟ್ಟು ಹೋಗೋದು, ಬೆಳಿಗ್ಗೆ ಹೊತ್ತಿಗೆ ತಿದ್ದಿ ಇಟ್ಟಿರೋರು. ಅವರ ಮಗಳು ಅಪ್ಪಂಗೆ ವಯಸ್ಸಾಗಿದೆ, ಹತ್ತಿರ ಬರಬೇಡಿ ಅಂತ ಸುಣ್ಣದಲ್ಲಿ ಗೆರೆ ಹಾಕಿದ್ರು. ತಾತ ಆ ಗೆರೆ ದಾಟಿ ಬರ್ತಿರಲಿಲ್ಲ, ಮಗಳ ಮಾತು ಮೀರ್ತಿರಲಿಲ್ಲ.

ಕೆರೆಏರಿ

ಇಷ್ಟೆಲ್ಲ ಓದಿದ ಮೇಲೆ ನನಗೆ ಇನ್ನೂ ಅನ್ನಿಸೋದು ಇವರ ಮುಖ ಶಾಲೆಯಲ್ಲಿ ಇರಬೇಕು ಅಂತಲೇ. ಪುತ್ಥಳಿ ಬೇಡ ಅಂದರೆ ಬೇರೆ ಏನು ಅಂತ ಯಾರಾದರೂ ಹೇಳಿ. ಬರೀ ಬೇಡ ಅಂದರೆ ಚಂದಾ ಎತ್ತಿದವರಿಗೆ ಏನು ಉತ್ತರ ಕೊಡೋದು?

ಕನ್ನಡ ಪಂಡಿತ, ನಿವೃತ್ತ

ಕೆರೆಏರಿಯವರು ಕೇಳಿದ್ದು ಸರಿ. ನನ್ನ ಕಡೆಯಿಂದ ಒಂದು. ಮೇಷ್ಟ್ರು ಬೇಸಿಗೆ ರಜೆಯಲ್ಲೂ ಏಪ್ರಿಲ್ 25ಕ್ಕೆ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುತ್ತಿದ್ದರು. 1938ರಲ್ಲಿ ಆವತ್ತು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು. ಸ್ಮಾರಕದ ಹತ್ತಿರ ಸತ್ತವರ ಹೆಸರುಗಳನ್ನು ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸುತ್ತಿದ್ದರು. ಆಮೇಲೆ ಮಧ್ಯಾಹ್ನ ಹನ್ನೆರಡೂ ಕಾಲು ದಾಟುವಾಗ ಬಯಲಿನಲ್ಲಿ ಒಂದು ಕೋಲು ನೆಟ್ಟಗೆ ನೆಡೋರು. ನಮ್ಮ ಅಕ್ಷಾಂಶಕ್ಕೆ ಸರಿಯಾಗಿ ಆ ದಿನಗಳಲ್ಲೇ ಸೂರ್ಯ ನೆತ್ತಿಗೆ ಬರೋದು, ಕೋಲಿನ ನೆರಳು ಬುಡದಲ್ಲೇ ಅಡಗಿಬಿಡುತ್ತೆ. ಇತಿಹಾಸ, ವಿಜ್ಞಾನ ಎರಡೂ ಒಂದೇ ಬಿಸಿಲಿನಲ್ಲಿ. ಬುತ್ತಿ ಅವರ ಮನೆಯದು. ಆ ಪ್ರವಾಸ ನಿಲ್ಲಬಾರದು. ಬಸ್ಸಿನ ಖರ್ಚು ಚಂದಾ ಹಣದಲ್ಲಿ ಆಗಲಿ.

ಹಿರಿಮಗಳು

ಅಮ್ಮನ ಮಾತನ್ನು ಇಲ್ಲಿ ಹಾಕುತ್ತಿದ್ದೇನೆ. ಕಲ್ಲಿನ ಮೂರ್ತಿ ಬೇಡ ಅಂತ ಅಮ್ಮ ಖಡಾಖಂಡಿತ ಹೇಳಿದಳು. ಫೋಟೋ ಹಾಕುವುದಕ್ಕೆ ಅಡ್ಡಿಯಿಲ್ಲವಂತೆ. ಅಪ್ಪನ ಪುಸ್ತಕಗಳು, ಪ್ರನಾಳ, ಲೆನ್ಸು, ಲ್ಯಾಕ್ಟೋಮೀಟರು ಎಲ್ಲ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ ಕೊಡೋಣ ಅಂದಳು. ಬೀರುವಿನಲ್ಲಿ ಬೀಗ ಹಾಕಿ ಇಡಬಾರದು, ಮಕ್ಕಳ ಕೈಗೆ ಸಿಗಬೇಕು, ಒಡೆದರೆ ಒಡೆಯಲಿ. ಕೆಂಪು ಲೆಕ್ಕದ ಪುಸ್ತಕಗಳು ಮಾತ್ರ ಮನೆಯಲ್ಲಿ ಇರುತ್ತವೆ, ಅವು ಅಮ್ಮನವು.

ಹೊಂಗೆನೆರಳು

ಅಮ್ಮನವರು ಹೇಳಿದ ಮೇಲೆ ಮುಗಿಯಿತು ಅಂದುಕೊಳ್ಳುತ್ತೇನೆ. ಕೆರೆಏರಿ, ನಿಮ್ಮ ಆಸೆಯಂತೆ ಅವರ ದೊಡ್ಡ ಫೋಟೋ ಶಾಲೆಯ ವಿಜ್ಞಾನದ ಕೋಣೆಯಲ್ಲೂ ಅರಿವು ಕೇಂದ್ರದಲ್ಲೂ ಇರುತ್ತೆ. ಅದರ ಕೆಳಗೆ ಅವರು ಏನೇನು ಮಾಡಿದರು ಅಂತ ಮಕ್ಕಳಿಗೆ ಅರ್ಥವಾಗೋ ಹಾಗೆ ಬರೆದು ಹಾಕೋಣ. ಆ ಬರಹ ನೀವೇ ಬರೆಯಬೇಕು ಅಂತ ನನ್ನ ಕೋರಿಕೆ. ಚಂದಾ ಹಣದಲ್ಲಿ ಪ್ರವಾಸದ ಬಸ್ಸು, ನೀರು ಪರೀಕ್ಷೆಯ ಕಿಟ್ಟು. ಕೊಟ್ಟವರಲ್ಲಿ ಯಾರಿಗೆ ಇದು ಒಪ್ಪಿಗೆ ಇಲ್ಲವೋ ಅವರಿಗೆ ಹಣ ವಾಪಸ್, ಬೇಜಾರಿಲ್ಲ. ಲೆಕ್ಕವನ್ನು ಪ್ರತಿ ತಿಂಗಳು ಇಲ್ಲೇ ಹಾಕುತ್ತೇನೆ, ಯಾರು ಬೇಕಾದರೂ "ಇದು ಯಾಕೆ" ಅಂತ ಕೇಳಬಹುದು.

ಕೆರೆಏರಿ

ಒಪ್ಪಿದೆ. ಬರೀತೀನಿ. ಅಕ್ಕ, ಅಮ್ಮನವರ ಹತ್ತಿರ ಒಂದು ಗಂಟೆ ಮಾತಾಡಬೇಕು. ಯಾವಾಗ ಬರಲಿ?

ಹಿರಿಮಗಳು

ಭಾನುವಾರ ಸಂಜೆ ಬಿಟ್ಟು ಯಾವತ್ತಾದರೂ ಬನ್ನಿ. ಆವತ್ತು ಮೊಮ್ಮಕ್ಕಳು ಅಮ್ಮನನ್ನು ಕೆರೆ ಕಡೆ ಕರೆದುಕೊಂಡು ಹೋಗುತ್ತಾರೆ.

ಲ್ಯಾಬ್ ಟೆಕ್ನಿಷಿಯನ್, ಬಾಗೇಪಲ್ಲಿ

ಕಿಟ್ಟು ತರೋದು, ಮಕ್ಕಳಿಗೆ ತೋರಿಸಿಕೊಡೋದು ನನಗೆ ಬಿಡಿ. ಎಂಟನೇ ಕ್ಲಾಸಿನವರು ಮನೆಯಿಂದ ಬಾಟಲಿ ತರಲಿ. ತೊಳೆದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನದು ಬೇಡ. ಯಾವ ಬೋರು, ಎಷ್ಟು ಅಡಿ ಅಂತ ಚೀಟಿ ಅಂಟಿಸೋದು ಮರೆಯಬಾರದು.